ಗವಸಿನ ಮೂಲೆ

ನಗುವುದಕ್ಕೇ ಸಂಬಳ ಕೊಡುವ ಕೆಲಸಗಳು ಎರಡಿವೆ: ಒಂದು ವಿಮಾನದ್ದು, ಇನ್ನೊಂದು ದೊಡ್ಡ ಹೋಟೆಲಿನದು. ಆ ನಗುವಿಗೆ ಅಂಕ ಹಾಕುವುದು ನನ್ನ ಕೆಲಸ. ಮಾಮೂಲಿ ಗಿರಾಕಿಯ ಹಾಗೆ ಒಬ್ಬನೇ ಹೋಗುತ್ತೇನೆ, ಎರಡು ರಾತ್ರಿ ಉಳಿಯುತ್ತೇನೆ, ಎಲ್ಲಿ ಧೂಳಿದೆ, ಯಾರು ಮುಖ ಗಂಟಿಕ್ಕಿದರು, ಯಾವ ನಲ್ಲಿಯಲ್ಲಿ ಬಿಸಿನೀರು ತಡವಾಗಿ ಬಂತು ಅಂತೆಲ್ಲ ಬರೆದು ಕಂಪನಿಗೆ ಕಳಿಸುತ್ತೇನೆ. ಹೋಟೆಲಿನ ಮಾಲೀಕರೇ ಹೇಳಿ ಕರೆಸುವುದು. ಅಲ್ಲಿ ದುಡಿಯುವವರಿಗೆ ಮಾತ್ರ ಗೊತ್ತಿರುವುದಿಲ್ಲ. ನನ್ನ ಹೆಂಡತಿ ಇದಕ್ಕಿಟ್ಟ ಹೆಸರು ಚಾಡಿ ಕೆಲಸ. "ಚಿಕ್ಕವರಿದ್ದಾಗ ಚಾಡಿ ಹೇಳಿದ್ರೆ ಬೆನ್ನಿಗೆ ಬೀಳ್ತಿತ್ತು. ನಿಮಗೆ ವಿಮಾನದ ಟಿಕೆಟ್ ಕೊಡ್ತಾರಲ್ಲ" ಅನ್ನುತ್ತಾಳೆ.

ಇದಕ್ಕೆ ಮುಂಚೆ ನಾನೇ ಇಪ್ಪತ್ತೆರಡು ವರ್ಷ ಒಂದು ಹೋಟೆಲಿನಲ್ಲಿ ಹೌಸ್‌ಕೀಪಿಂಗ್ ಮೇಲ್ವಿಚಾರಕನಾಗಿದ್ದೆ. ಕೋಣೆ ಗುಡಿಸುವವರು, ಹಾಸಿಗೆ ಹಾಕುವವರು, ಬಾತ್‌ರೂಮ್ ತೊಳೆಯುವವರು, ಒಟ್ಟು ನಲವತ್ತು ಜನ ಕೈಕೆಳಗಿದ್ದರು. ಹಾಸಿಗೆಯ ಮೇಲೆ ಒಂದು ಸುಕ್ಕು ಕಂಡರೂ ಕಿತ್ತು ಮತ್ತೆ ಹಾಕಿಸುತ್ತಿದ್ದೆ. ಅದಕ್ಕೇ ಅವರೆಲ್ಲ ನನ್ನನ್ನು 'ಇಸ್ತ್ರಿ ಸಾರ್' ಅನ್ನುತ್ತಿದ್ದರು. ಬೆನ್ನ ಹಿಂದೆ ಶುರುವಾದದ್ದು ಆಮೇಲೆ ಎದುರಿಗೇ ಬಂತು, ನಾನೂ ಬೇಡ ಅನ್ನಲಿಲ್ಲ. ಕೊನೆಗೆ ಆ ಹೋಟೆಲೇ ಕೈಬದಲಾಯಿತು, ಹೊಸಬರಿಗೆ ಹಳಬರು ಬೇಡವಾದರು. ಐವತ್ತು ದಾಟಿದವನಿಗೆ ಇನ್ಯಾರು ಕೆಲಸ ಕೊಡುತ್ತಾರೆ? ಈ ಕಂಪನಿ ಕೊಟ್ಟಿತು. ಇಲ್ಲೂ ಎರಡು ಸಲ ಎಡವಿದ್ದೇನೆ. ಒಂದು ಕಡೆ ರಿಸೆಪ್ಷನ್ನಿನವನು ನನ್ನ ಗುರುತು ಹಿಡಿದ, ಇನ್ನೊಂದು ಕಡೆ ವರದಿಯ ಫಾರಂ ತೆರೆದಿಟ್ಟ ಫೋನನ್ನು ಊಟದ ಮೇಜಿನ ಮೇಲೆ ಬಿಟ್ಟು ಎದ್ದೆ. ನಮ್ಮ ಆಫೀಸಿನ ಮೇಡಂ ಬಹಳ ಮೆತ್ತಗೆ ಹೇಳಿದ್ದಾರೆ, ಮೂರನೆಯ ತಪ್ಪಾದರೆ ಬೇರೆ ಕೆಲಸ ನೋಡಿಕೊಳ್ಳಿ ಅಂತ.

ಆ ಸೋಮವಾರ ವಿಮಾನದಲ್ಲಿ ಸಿಕ್ಕಿದ್ದು ನಡುವಿನ ಸೀಟು. ಕಿಟಕಿಯವನು ವಿಮಾನ ಏಳುವ ಮೊದಲೇ ಬಾಯಿ ತೆರೆದು ನಿದ್ದೆಹೋದ. ಈಚೆಯವನು ಕೈ ಇಡುವ ಜಾಗವನ್ನೆಲ್ಲ ಅಪ್ಪನ ಆಸ್ತಿ ಮಾಡಿಕೊಂಡ. ಎರಡೂವರೆ ಗಂಟೆ ಕೈಕಟ್ಟಿ ಕೂತೆ. ಇಳಿಯುವ ಮುನ್ನ ನನ್ನ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಚಿ ಇಟ್ಟೆ. ಈಚೆಯವನ ಹೊದಿಕೆ ಕಾಲಡಿ ಮುದ್ದೆಯಾಗಿ ಬಿದ್ದಿತ್ತು. ಅದನ್ನೂ ಎತ್ತಿ ಮಡಚಿದೆ. ಗಗನಸಖಿ ನೋಡಿ, "ನೀವು ಹೋಟೆಲ್ ಲೈನಿನವರಾ ಸಾರ್?" ಅಂದಳು. "ಅಲ್ಲಮ್ಮಾ" ಅಂದೆ.

ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರೆ. ನನ್ನದು ಹುಟ್ಟಿದ್ದೂ ಅಲ್ಲ, ಕಲಿತದ್ದು, ಆದರೂ ಹೋಗಿಲ್ಲ. ಮನೆಯಲ್ಲಿ ಹೆಂಡತಿ ಎದ್ದು ಕೂತು ಕೂದಲು ಗಂಟು ಹಾಕಿಕೊಳ್ಳುವಷ್ಟರಲ್ಲಿ ಅವಳ ಕೆಳಗಿನ ಬೆಡ್‌ಶೀಟ್ ಎಳೆಯಲು ಶುರು ಮಾಡಿರುತ್ತೇನೆ. "ನಾನಿನ್ನೂ ರೂಮ್ ಖಾಲಿ ಮಾಡಿಲ್ಲ" ಅಂತ ಕೈಮೇಲೆ ಹೊಡೆಯುತ್ತಾಳೆ.

ಹೋಟೆಲು ಹೊಸದು. ಬಾಗಿಲು ತಾನೇ ತೆರೆಯುತ್ತದೆ, ದೀಪ ತಾನೇ ಹತ್ತುತ್ತದೆ, ಸ್ವಿಚ್ ಒತ್ತಿದರೆ ಪರದೆ ಸರಿಯುತ್ತದೆ. ಲಾಬಿಯ ತುಂಬ ಯಾವುದೋ ಅತ್ತರಿನ ವಾಸನೆ, ಮೂಗಿಗೆ ಬೇಡವಾದರೂ ಬಿಡುವುದಿಲ್ಲ. ರಿಸೆಪ್ಷನ್ನಿನ ಹುಡುಗಿ "ಪ್ರಯಾಣ ಹೇಗಿತ್ತು ಸಾರ್?" ಅಂತ ಕೇಳಿ, ನಾನು ಬಾಯಿ ತೆರೆಯುವ ಮುನ್ನವೇ "ತುಂಬಾ ಸಂತೋಷ" ಅಂದಳು. ಅದನ್ನು ನೆನಪಿಟ್ಟುಕೊಂಡೆ, ಅರ್ಧ ಅಂಕ ಕಳೆಯಬಹುದು. ರಿಜಿಸ್ಟರಿನಲ್ಲಿ ನನ್ನ ನಿಜವಾದ ಹೆಸರೇ ಇತ್ತು. ಬೀದಿಗೆ ಹತ್ತು ಜನರಿಗಿರುವ ಹೆಸರು, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಕೋಣೆ ಹದಿನಾಲ್ಕನೇ ಮಹಡಿಯಲ್ಲಿ. ತೆರೆಯಲಾಗದ ದೊಡ್ಡ ಕಿಟಕಿ, ಕೆಳಗೆ ಇರುವೆ ಸಾಲಿನಂಥ ಕಾರುಗಳು, ಗೋಡೆಯ ಮೇಲೆ ಏನೆಂದು ಗೊತ್ತಾಗದ ಒಂದು ಚಿತ್ರ. ಇಂಥ ಕೋಣೆಗಳನ್ನು ನೂರು ನೋಡಿದ್ದೇನೆ, ಎಲ್ಲ ಒಂದೇ ತಾಯಿಯ ಮಕ್ಕಳು. ಬೆರಳಿನಿಂದ ಟಿವಿಯ ಹಿಂಭಾಗ ಒರೆಸಿದೆ, ಧೂಳಿಲ್ಲ. ಬಾಗಿಲ ಮೇಲಂಚು ಸವರಿದೆ, ಅಲ್ಲೂ ಇಲ್ಲ. ಲೋಟವನ್ನು ಬೆಳಕಿಗೆ ಹಿಡಿದೆ. ಇಲ್ಲಿ ಯಾರೋ ಕೆಲಸ ಬಲ್ಲವರಿದ್ದಾರೆ ಅಂದುಕೊಂಡು ಹಾಸಿಗೆಯ ಕಾಲ ಬದಿಗೆ ಬಗ್ಗಿ ಮೂಲೆ ನೋಡಿದೆ. ಅಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಬೆಡ್‌ಶೀಟಿನ ಮೂಲೆಯನ್ನು ಲಕೋಟೆಯ ಹಾಗೆ ಮಡಚಿ ಒಳಗೆ ಸೇರಿಸುವುದು ಎಲ್ಲಾ ಹೋಟೆಲಿನಲ್ಲೂ ಇದೆ. ಮಡಚಿದ ಮೇಲೆ ಹೆಬ್ಬೆರಳಿನ ಉಗುರಿನಿಂದ ಮೇಲಿನಿಂದ ಕೆಳಕ್ಕೆ ಒಂದು ಗೀರು ಎಳೆಯುವುದು ಮಾತ್ರ ನನ್ನದು. ಗೀರು ನೆಟ್ಟಗಿದ್ದರೆ ಮಡಿಕೆ ನೆಟ್ಟಗಿದೆ ಅಂತ ಲೆಕ್ಕ. ನಲವತ್ತು ಜನರಿಗೆ ಕಲಿಸಿದೆ, ಮೂವತ್ತೊಂಬತ್ತು ಜನ ನಾನು ನೋಡುತ್ತಿದ್ದರೆ ಎಳೆಯುತ್ತಿದ್ದರು, ಇಲ್ಲದಿದ್ದರೆ ಇಲ್ಲ. ನೋಡದಿದ್ದಾಗಲೂ ಎಳೆಯುತ್ತಿದ್ದವಳು ಒಬ್ಬಳೇ. ಅವಳ ಗೀರು ಕೊನೆಯಲ್ಲಿ ಸ್ವಲ್ಪ ಎಡಕ್ಕೆ ತಿರುಗುತ್ತಿತ್ತು, ಯಾಕೆಂದರೆ ಅವಳು ಎಡಗೈಯವಳು. ನನ್ನ ಮುಂದಿನ ಮೂಲೆಯಲ್ಲೂ ಗೀರು ಕೊನೆಗೆ ಎಡಕ್ಕೆ ತಿರುಗಿತ್ತು.

ಅವಳನ್ನು ನಾವು ಗುಬ್ಬಿ ಅನ್ನುತ್ತಿದ್ದೆವು. ಆಳು ಗಿಡ್ಡ, ಓಡಾಟ ಚುರುಕು, ಬಾಯಿ ಸುಮ್ಮನಿರುತ್ತಿರಲಿಲ್ಲ. ಒಮ್ಮೆ ನನ್ನ ಮಗಳಿಗೆ ಜ್ವರ ಬಂದು ಹೆಂಡತಿಯೂ ಮಲಗಿದ್ದಾಗ, ಡ್ಯೂಟಿ ಮುಗಿಸಿ ನಮ್ಮ ಮನೆಗೆ ಬಂದು ಎರಡು ದಿನ ಅಡಿಗೆ ಮಾಡಿಟ್ಟು ಹೋಗಿದ್ದಳು. ಮಗಳು ಈಗಲೂ ಅವಳನ್ನು ಗುಬ್ಬಿ ಆಂಟಿ ಅಂತಲೇ ನೆನೆಯುತ್ತಾಳೆ.

ಹನ್ನೆರಡು ವರ್ಷದ ಹಿಂದೆ ಆರನೇ ಮಹಡಿಯ ಗಿರಾಕಿಯೊಬ್ಬನ ಕೈಗಡಿಯಾರ ಕಾಣೆಯಾಯಿತು. ಬೆಲೆಬಾಳುವ ವಾಚು, ಅದಕ್ಕಿಂತ ದೊಡ್ಡದು ಅವನ ಬಾಯಿ. ಮ್ಯಾನೇಜರು ನನ್ನನ್ನು ಕರೆದು, "ಸಾಯಂಕಾಲದೊಳಗೆ ನಂಗೊಂದು ಹೆಸರು ಬೇಕು. ಕೋಣೆಗೆ ಹೋದವರು ಇಬ್ಬರೇ, ಆ ಗುಬ್ಬಿ ಮತ್ತೆ ನೀವು. ನೀವೇ ಯೋಚನೆ ಮಾಡಿ" ಅಂದರು. ಯೋಚನೆ ಮಾಡಿದೆ. ಐದು ನಿಮಿಷವೂ ಹಿಡಿಯಲಿಲ್ಲ. 'ಕೋಣೆಯಿಂದ ಹೊರಬರುವಾಗ ಆಕೆಯ ಕೈ ಏಪ್ರನ್ನಿನ ಜೇಬಿನಲ್ಲಿತ್ತು, ನಾನು ನೋಡಿದ್ದೇನೆ' ಅಂತ ಬರೆದು ಸಹಿ ಹಾಕಿದೆ. ನಾನು ನೋಡಿರಲಿಲ್ಲ. ಆ ಹೊತ್ತಿನಲ್ಲಿ ನಾನು ಬೇರೆ ಮಹಡಿಯಲ್ಲಿ ಟವೆಲ್ ಎಣಿಸುತ್ತಿದ್ದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಬರೆ ಹಾಕಿದ ಕೈ ನನ್ನದು. ಅವಳು ಅಂದೇ ಹೋದಳು. ಹೋಗುವಾಗ ನನ್ನ ಹತ್ತಿರ ಬಂದು, "ಇಸ್ತ್ರಿ ಸಾರ್, ನೀವಾದ್ರೂ ಹೇಳಿ, ನಾನು ಅಂಥವಳಲ್ಲ ಅಂತ" ಅಂದಳು. ನಾನೇ ಬರೆದುಕೊಟ್ಟದ್ದು ಅಂತ ಅವಳಿಗೆ ಗೊತ್ತಿರಲಿಲ್ಲ.

ಎಂಟನೇ ದಿನ ಲಾಂಡ್ರಿಯವನು ವಾಚು ತಂದುಕೊಟ್ಟ. ರಜಾಯಿಗೆ ಹಾಕುವ ಬಿಳಿ ಗವಸಿನ ಮೂಲೆಯಲ್ಲಿ ಸಿಕ್ಕಿಕೊಂಡಿತ್ತಂತೆ. ನಿದ್ದೆಗಣ್ಣಿನಲ್ಲಿ ಗಿರಾಕಿ ಬಿಚ್ಚಿಟ್ಟದ್ದು ಗವಸಿನ ಬಾಯಿಯಿಂದ ಒಳಗೆ ಜಾರಿತ್ತು. ಮ್ಯಾನೇಜರು ಅದನ್ನು ಕೊರಿಯರ್ ಮಾಡಿಸಿ, "ಆಯ್ತಲ್ಲ, ಹೋದವಳು ಹೋದಳು, ಕೆದಕೋದು ಬೇಡ" ಅಂದರು. ನಾನು ಕೆದಕಲಿಲ್ಲ. ಮಾರನೆಯ ದಿನದಿಂದ ಒಂದು ಹೊಸ ನಿಯಮ ತಂದೆ: ಗವಸನ್ನು ಲಾಂಡ್ರಿಗೆ ಹಾಕುವ ಮುನ್ನ ಒಳಗೆ ಕೈಬಿಟ್ಟು ನಾಲ್ಕೂ ಮೂಲೆ ಮುಟ್ಟಿ ನೋಡಬೇಕು. ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಆ ನಿಯಮಕ್ಕೆ ನನ್ನನ್ನು ಎಲ್ಲರೆದುರು ಹೊಗಳಿದರು. ಮನೆಯಲ್ಲಿ ಹೆಂಡತಿ "ಗುಬ್ಬಿ ಬರೋದೇ ಇಲ್ವಲ್ಲ?" ಅಂತ ಕೇಳಿದಾಗ, ಕೆಲಸ ಬಿಟ್ಟಳು ಅಂದೆ.

ಆ ರಾತ್ರಿ ಹದಿನಾಲ್ಕನೇ ಮಹಡಿಯಲ್ಲಿ ಸರಿಯಾಗಿ ನಿದ್ದೆ ಬರಲಿಲ್ಲ. ಎಡಗೈಯವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ ಅಂತ ಸಮಾಧಾನ ಮಾಡಿಕೊಂಡೆ.

ಬೆಳಿಗ್ಗೆ ಕಂಪನಿ ಕೊಟ್ಟ ಪುಟ್ಟ ಚೀಲ ತೆಗೆದೆ. ಅದರಲ್ಲಿ ಐದು ವಸ್ತುಗಳು: ಒಂದು ಹೇರ್‌ಪಿನ್, ಒಂದು ಬಾಟಲಿ ಮುಚ್ಚಳ, ಒಂದು ಹಳೇ ಬಸ್ ಟಿಕೆಟು, ಒಂದು ಮರದ ಮಣಿ, ಒಂದು ನೀಲಿ ಗುಂಡಿ. ಎಲ್ಲಕ್ಕೂ ನಂಬರಿದೆ. ಇವನ್ನು ಕೋಣೆಯಲ್ಲಿ ಅಲ್ಲಲ್ಲಿ ಬಿದ್ದ ಹಾಗೆ ಇಡಬೇಕು. ಕೋಣೆ ಶುಚಿ ಮಾಡುವವರು ಎಷ್ಟನ್ನು ಹುಡುಕಿ ತೆಗೆದಿಡುತ್ತಾರೋ ಅಷ್ಟು ಅಂಕ. ವಾಪಸು ಹೋದ ಮೇಲೆ ಐದನ್ನೂ ಆಫೀಸಿನಲ್ಲಿ ಎಣಿಸಿ ತೆಗೆದುಕೊಳ್ಳುತ್ತಾರೆ. ಪಿನ್ನನ್ನು ಮಂಚದ ಕೆಳಗೆ, ಮುಚ್ಚಳವನ್ನು ಪರದೆಯ ಹಿಂದೆ, ಟಿಕೆಟನ್ನು ಫೋನಿನ ಅಡಿ, ಮಣಿಯನ್ನು ಬಾತ್‌ರೂಮಿನ ಕಪಾಟಿನೊಳಗೆ ಇಟ್ಟೆ. ಐದನೆಯದು ಗವಸಿನ ಮೂಲೆಯೊಳಗೆ. ಆ ಜಾಗ ಕಂಪನಿಗೆ ಸೂಚಿಸಿದವನೂ ನಾನೇ.

ಆ ಹೊತ್ತಿಗೆ ಹೆಂಡತಿಯ ಫೋನ್ ಬಂತು. ಅಡಿಗೆಮನೆಯ ನಲ್ಲಿ ಸೋರುತ್ತಿತ್ತು, ಪ್ಲಂಬರ್ ನಾಳೆ ನಾಳೆ ಅನ್ನುತ್ತಿದ್ದ, ಅದಕ್ಕೆಲ್ಲ ಕಾರಣ ನಾನು ಅಂತ ಅವಳ ವಾದ. ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಹ್ಞೂಂ ಹ್ಞೂಂ ಅನ್ನುತ್ತಾ ಇದ್ದೆ. ಮಾತು ಮುಗಿಸಿ, 'ಬೆಡ್‌ಶೀಟ್ ಬದಲಾಯಿಸಿ' ಅನ್ನುವ ಹಸಿರು ಕಾರ್ಡನ್ನು ಹಾಸಿಗೆಯ ಮೇಲಿಟ್ಟು ತಿಂಡಿಗೆ ಇಳಿದೆ. ಕಾಫಿ ಬಿಸಿಯಿದೆಯೇ, ಮೊಟ್ಟೆ ಬೆಂದಿದೆಯೇ, ಈಜುಕೊಳದ ಟವೆಲ್ ಒಣಗಿದೆಯೇ ಅಂತ ನೋಡುವುದರಲ್ಲಿ ಮಧ್ಯಾಹ್ನವಾಯಿತು.

ಕೋಣೆಗೆ ಬಂದಾಗ ಎಲ್ಲ ಹೊಸದಾಗಿ ಹಾಕಿತ್ತು. ಮೇಜಿನ ಮೇಲೆ ಒಂದು ಸಾಸರಿನಲ್ಲಿ ಪಿನ್ನು, ಮುಚ್ಚಳ, ಟಿಕೆಟು, ಮಣಿ ಸಾಲಾಗಿದ್ದವು. ಗುಂಡಿ ಇರಲಿಲ್ಲ. ನಾಲ್ಕೇ ಅಂತ ಎಣಿಸಿಕೊಳ್ಳುವಷ್ಟರಲ್ಲಿ ಬಾಗಿಲು ತಟ್ಟಿದ ಸದ್ದಾಯಿತು.

"ಹೌಸ್‌ಕೀಪಿಂಗ್."

ತೆರೆದೆ. ಅವಳೇ. ಕೂದಲು ಅರ್ಧ ಬಿಳಿಯಾಗಿತ್ತು, ಬೂದು ಬಣ್ಣದ ಸಮವಸ್ತ್ರ, ಎದೆಯ ಮೇಲೆ ಹೆಸರಿನ ಬಿಲ್ಲೆ. ಮೊದಲಿಗಿಂತ ಗಿಡ್ಡವಾಗಿದ್ದಾಳೆ ಅನ್ನಿಸಿತು.

"ರೂಮ್ ಸರಿ ಇದ್ಯಾ ಸಾರ್?"

"ಸರಿ ಇದೆ."

ಅವಳು ಹೋಗಲಿಲ್ಲ. ಕಾರಿಡಾರಿನ ಎರಡೂ ಕಡೆ ನೋಡಿ, ದನಿ ತಗ್ಗಿಸಿ, "ಇಸ್ತ್ರಿ ಸಾರ್, ನಾನು ಗುಬ್ಬಿ" ಅಂದಳು.

ನಮ್ಮ ಕಂಪನಿಯ ನಿಯಮ ಹೇಳುತ್ತದೆ: ಗುರುತು ಹಿಡಿದರೆ ಒಪ್ಪಿಕೊಳ್ಳಬೇಡಿ. ಆದರೆ ನನಗೆ ಆಗ ನೆನಪಾದದ್ದು ನಿಯಮವಲ್ಲ, ಅಂದು ನಾನು ಸಹಿ ಹಾಕಿದ ಕಾಗದ. ನಿಯಮ ನೆಪಕ್ಕೆ ಸಿಕ್ಕಿತು ಅಷ್ಟೇ.

"ನೀವು ನನ್ನನ್ನು ನೋಡಿ ಇನ್ಯಾರೋ ಅಂದ್ಕೊಂಡಿದ್ದೀರಿ" ಅಂದೆ. ಅವಳಿಗೆ ನಾನು ಯಾವತ್ತೂ 'ನೀವು' ಅಂದವನಲ್ಲ. ಅದು ಅವಳಿಗೂ ತಟ್ಟಿತು, ಒಂದು ಹೆಜ್ಜೆ ಹಿಂದೆ ಸರಿದಳು.

"ಬೆಳಿಗ್ಗೆ ಬಂದಾಗ ಹಾಸಿಗೆ ಹಾಕೇ ಇತ್ತು ಸಾರ್. ಮೂಲೆ ಮಡಚಿ, ಉಗುರಲ್ಲಿ ಗೀರು ಎಳೆದಿತ್ತು. ಅದರ ಮೇಲೆ ಬೆಡ್‌ಶೀಟ್ ಬದಲಾಯಿಸಿ ಅಂತ ಕಾರ್ಡ್ ಬೇರೆ." ಅವಳ ಮುಖದಲ್ಲಿ ಹಳೆಯ ತುಂಟತನ ಒಂದು ಕ್ಷಣ ಬಂದು ಹೋಯಿತು. "ಹಾಸಿಗೆ ಹಾಕಿಟ್ಟು ಬದಲಾಯಿಸಿ ಅನ್ನೋ ಗೆಸ್ಟ್ ಎಲ್ಲಿರ್ತಾರೆ ಸಾರ್?"

ಹೆಂಡತಿಯ ಜೊತೆ ನಲ್ಲಿಯ ವಿಷಯ ಮಾತಾಡುತ್ತಾ ಕೈ ತನ್ನ ಪಾಡಿಗೆ ತಾನು ಹಾಸಿಗೆ ಹಾಕಿತ್ತು. ನನಗೆ ಗೊತ್ತೇ ಆಗಿರಲಿಲ್ಲ. ಇಪ್ಪತ್ತೆರಡು ವರ್ಷದ ಕೈ, ಅದಕ್ಕೆ ಯಾವ ಕಂಪನಿಯ ನಿಯಮವೂ ತಿಳಿಯುವುದಿಲ್ಲ.

"ನಾನು ಮಿಲಿಟರಿಯಲ್ಲಿದ್ದೆ. ಅಲ್ಲಿ ಹೀಗೇ ಕಲಿಸ್ತಾರೆ" ಅಂದೆ.

ಅವಳು ನಗಲಿಲ್ಲ. "ಹೆದರ್ಕೋಬೇಡಿ ಸಾರ್. ನೀವು ಇಲ್ಲಿಗೆ ಯಾಕೆ ಬಂದಿದ್ದೀರಿ ಅಂತ ಆ ಪಿನ್ನು, ಮಣಿ ನೋಡಿದಾಗಲೇ ತಿಳೀತು. ಕೆಳಗೆ ಯಾರಿಗೂ ಹೇಳಿಲ್ಲ, ಹೇಳೋದೂ ಇಲ್ಲ. ನಿಮ್ಮ ಹೊಟ್ಟೆಪಾಡು ನಿಮಗೆ. ನಾನು ಜಗಳ ಆಡೋಕೆ ಬಂದಿಲ್ಲ, ಏನೂ ಕೇಳೋಕೂ ಬಂದಿಲ್ಲ. ಒಂದೇ ಮಾತು. ಆ ವಾಚು ಆಮೇಲೆ ಸಿಕ್ತಾ?"

ನಾನು ಬಾಗಿಲ ಹಿಡಿಯನ್ನು ಬಿಡಲಿಲ್ಲ.

"ನಾನು ಹೋದಾಗೆಲ್ಲ ನಾದಿನಿ ಬೀರುವಿಗೆ ಬೀಗ ಹಾಕ್ತಾಳೆ ಸಾರ್. ಹಾಕ್ಲಿ, ಅವಳ ಬೀರು. ಹೋದ ತಿಂಗಳು ಮಗಳ ಓಲೆ ಕಾಣಿಸಲಿಲ್ಲ. 'ಅಮ್ಮಾ, ನೀನೇನಾದ್ರೂ' ಅಂದಳು. ಅಷ್ಟೇ, ಪೂರ್ತಿ ಅನ್ನಲಿಲ್ಲ. ಓಲೆ ಅವಳ ಬ್ಯಾಗಲ್ಲೇ ಇತ್ತು." ಅವಳು ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಒಂದೊಂದ್ಸಲ ನಂಗೇ ಅನುಮಾನ ಬರುತ್ತೆ. ಧೂಳು ಹೊಡೆಯೋವಾಗ ಅದು ನನ್ನ ಜೇಬಿಗೆ ಬಿತ್ತೇನೋ, ಬಸ್ಸಲ್ಲಿ ಎಲ್ಲೋ ಬೀಳಿಸಿದ್ನೇನೋ ಅಂತ. ಸಿಕ್ತು ಅಂದ್ರೆ ಸಾಕು. ಸಿಗಲಿಲ್ಲ ಅಂದ್ರೂ ಸರಿ. ನಿಮಗೆ ಗೊತ್ತಿರುತ್ತೆ ಅಂತ ಕೇಳ್ದೆ."

ಒಂದು ಮಾತು. ಸಿಕ್ಕಿತು ಅಂದಿದ್ದರೆ ಆಗುತ್ತಿತ್ತು. ಆದರೆ ಅದರ ಹಿಂದೆ 'ಯಾವಾಗ' ಬರುತ್ತಿತ್ತು, ಅದರ ಹಿಂದೆ 'ಮತ್ತೆ ಯಾಕೆ ಹೇಳಲಿಲ್ಲ', ಅದರ ಹಿಂದೆ 'ನನ್ನ ಹೆಸರು ಕೊಟ್ಟವರು ಯಾರು'. ಒಂದು ಎಳೆ ಎಳೆದರೆ ಇಡೀ ಸ್ವೆಟರ್ ಬಿಚ್ಚಿಕೊಳ್ಳುತ್ತಿತ್ತು. ಹನ್ನೆರಡು ವರ್ಷ ನನ್ನನ್ನು ಒಳ್ಳೆಯವನೆಂದೇ ನಂಬಿದ್ದವಳು ಒಬ್ಬಳಾದರೂ ಇದ್ದಾಳಲ್ಲ, ಅದನ್ನೂ ಕಳೆದುಕೊಳ್ಳಲು ನನಗೆ ಧೈರ್ಯ ಬರಲಿಲ್ಲ. ಹೇಡಿ ಅನ್ನಿ. ನಾನೇ ಅಂದುಕೊಂಡಿದ್ದೇನೆ.

"ನೋಡಿಮ್ಮಾ, ನೀವು ಹೇಳ್ತಿರೋದು ಯಾವುದೂ ನಂಗೆ ಗೊತ್ತಿಲ್ಲ."

ಅವಳು ಸ್ವಲ್ಪ ಹೊತ್ತು ನನ್ನ ಕೈಗಳನ್ನೇ ನೋಡಿದಳು, ಮುಖವನ್ನಲ್ಲ. ಆಮೇಲೆ, "ಆಯ್ತು ಸಾರ್. ತಪ್ಪಾಯ್ತು, ಕ್ಷಮಿಸಿ" ಅಂದಳು. ತಿರುಗಿದವಳು ನಿಂತು ಮೇಜಿನ ಕಡೆ ಬೆರಳು ತೋರಿಸಿದಳು. "ನಿಮ್ಮ ಸಾಮಾನು ಅಲ್ಲಿಟ್ಟಿದ್ದೀನಿ. ಎಲ್ಲಾ ಇದೆಯಾ ನೋಡ್ಕೊಳ್ಳಿ. ಏನೂ ಕಮ್ಮಿ ಇಲ್ಲ ಅಲ್ವಾ?"

"ಏನೂ ಕಮ್ಮಿ ಇಲ್ಲ" ಅಂದೆ. ಬಾಗಿಲು ಮುಚ್ಚಿಕೊಂಡೆ. ಟ್ರಾಲಿಯ ಚಕ್ರದ ಸದ್ದು ಕಾರಿಡಾರಿನ ಕೊನೆಯವರೆಗೆ ಕೇಳಿಸಿತು.

ಆ ಸಂಜೆ ಊಟಕ್ಕೆ ಇಳಿಯಲಿಲ್ಲ. ಊಟದ ಕಾಲಂ ಭರ್ತಿ ಮಾಡಲು ಹೋಗಲೇಬೇಕಿತ್ತು, ಹೋಗಲಿಲ್ಲ, ಸುಮ್ಮನೆ ಏನೋ ತುಂಬಿದೆ. ಕಿಟಕಿಯ ಹತ್ತಿರ ಕೂತು ನನ್ನ ಮೇಲೆ ನಾನೇ ಸಿಟ್ಟಾದೆ, ಮ್ಯಾನೇಜರ ಮೇಲೆ ಸಿಟ್ಟಾದೆ, ನಿದ್ದೆಗಣ್ಣಿನಲ್ಲಿ ವಾಚು ಬಿಚ್ಚಿದವನ ಮೇಲೆ ಸಿಟ್ಟಾದೆ, ಕೊನೆಗೆ ಗುಬ್ಬಿಯ ಮೇಲೂ ಸಿಟ್ಟಾದೆ. ಅವಳು ಬೇರೆ ಮಹಡಿಯಲ್ಲಿ ಕೆಲಸ ಮಾಡಬಾರದಿತ್ತೇ? ಇಂಥ ಸಿಟ್ಟಿಗೆ ಬುಡವಿರುವುದಿಲ್ಲ, ಆದರೆ ಸುಮಾರು ಹೊತ್ತು ಉರಿಯುತ್ತದೆ.

ಬೆಳಗಿನ ಜಾವಕ್ಕೆ ಉಪಾಯ ಹೊಳೆಯಿತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು, ಅಂಥದು. ಹೋಟೆಲಿನ ಪುಟ್ಟ ಕಾಗದದ ಹಾಳೆಯ ಮೇಲೆ ಬರೆದೆ: 'ಸಿಕ್ಕಿತು. ಎಂಟನೇ ದಿನ. ಗವಸಿನ ಮೂಲೆಯಲ್ಲಿತ್ತು. ನಿನ್ನ ತಪ್ಪಿರಲಿಲ್ಲ.' ಹೆಸರು ಹಾಕಲಿಲ್ಲ. ಮೇಜಿನ ಮೇಲಿಟ್ಟರೆ ಖಾಲಿ ಕೋಣೆ ನೋಡಲು ಬರುವ ಮೇಲ್ವಿಚಾರಕನ ಕೈಗೆ ಸಿಗುತ್ತದೆ, ಅವನು ಓದಿ ಮ್ಯಾನೇಜರಿಗೆ ತೋರಿಸುತ್ತಾನೆ. ದಿಂಬಿನ ಕೆಳಗಿಟ್ಟರೂ ಅದೇ ಪಾಡು. ಹಾಳೆಯನ್ನು ನಾಲ್ಕಾಗಿ ಮಡಚಿ ಗವಸಿನೊಳಗೆ ಕೈಬಿಟ್ಟು ಕಾಲ ಬದಿಯ ಎಡಮೂಲೆಗೆ ಸೇರಿಸಿದೆ. ಕೋಣೆ ಖಾಲಿಯಾದರೆ ಗವಸು ಕೀಳಲೇಬೇಕು. ಅವಳು ಕೈಹಾಕುತ್ತಾಳೆ, ಕಾಗದ ಸಿಗುತ್ತದೆ, ವಾಚು ಎಲ್ಲಿತ್ತು ಅಂತ ಕೈಗೇ ತಿಳಿಯುತ್ತದೆ. ನನಗೆ ನನ್ನ ಬುದ್ಧಿಯ ಬಗ್ಗೆ ಹೆಮ್ಮೆಯೂ ಆಯಿತು. ಎಷ್ಟೋ ವರ್ಷದ ಮೇಲೆ ಹೊಟ್ಟೆ ತುಂಬ ತಿಂಡಿ ತಿಂದೆ.

ರಿಸೆಪ್ಷನ್ನಿನ ಹುಡುಗಿ "ಉಳಿದದ್ದು ಹೇಗಿತ್ತು ಸಾರ್?" ಅಂದಳು. ಈ ಸಲ ಅವಳ ಉತ್ತರಕ್ಕೆ ಕಾಯದೆ ನಾನೇ "ತುಂಬಾ ಸಂತೋಷ" ಅಂದೆ.

ವಾಪಸಿನ ವಿಮಾನದಲ್ಲಿ ಕಿಟಕಿ ಪಕ್ಕದ ಸೀಟೇ ಸಿಕ್ಕಿತು. ಮೋಡದ ಮೇಲೆ ಬಂದ ಕೂಡಲೇ ಫೋನ್ ತೆಗೆದು ಫಾರಂ ತುಂಬಲು ಕೂತೆ. ತುಂಬಿಟ್ಟರೆ ಕೆಳಗಿಳಿದು ಸಿಗ್ನಲ್ ಬಂದಾಗ ತಾನೇ ಹೋಗುತ್ತದೆ. ಧೂಳು, ಪೂರ್ತಿ ಅಂಕ. ಬಾತ್‌ರೂಮ್, ಪೂರ್ತಿ. ಹಾಸಿಗೆಯ ಮಡಿಕೆ, ಪೂರ್ತಿ. ಅವಳಿಗೆ ಏನೋ ಕೊಡುತ್ತಿದ್ದೇನೆ ಅನ್ನಿಸಿ ಧಾರಾಳವಾಗಿ ತುಂಬಿದೆ. ಆ ಪುಟದ ಕೆಳಗೆ ಐದು ವಸ್ತುಗಳ ಕಾಲಂ ಬಂತು. ಪಿನ್ನು, ಸಿಕ್ಕಿದೆ. ಮುಚ್ಚಳ, ಸಿಕ್ಕಿದೆ. ಟಿಕೆಟು, ಸಿಕ್ಕಿದೆ. ಮಣಿ, ಸಿಕ್ಕಿದೆ. ಐದು, ನೀಲಿ ಗುಂಡಿ, ಗವಸಿನ ಮೂಲೆ.

ಬೆರಳು ಅಲ್ಲೇ ನಿಂತಿತು.

ಗುಂಡಿ ಸಾಸರಿನಲ್ಲಿ ಇರಲಿಲ್ಲ. ಅವಳು ಹಳೇ ಗವಸು ಕಿತ್ತು ಹೊಸದು ಹಾಕಿದ್ದಳು, ಆದರೆ ಗುಂಡಿ ಸಿಕ್ಕಿರಲಿಲ್ಲ. ಪರದೆಯ ಹಿಂದಿನ ಮುಚ್ಚಳ ಕಂಡವಳಿಗೆ, ಕಪಾಟಿನೊಳಗಿನ ಮಣಿ ಕಂಡವಳಿಗೆ, ಗವಸಿನೊಳಗಿನ ಗುಂಡಿ ಹೇಗೆ ತಪ್ಪಿತು? ಅವಳು ಮೂಲೆಗೆ ಕೈಹಾಕಿಯೇ ಇರಲಿಲ್ಲ. ಯಾಕೆ ಹಾಕುತ್ತಾಳೆ? ಆ ನಿಯಮ ನಾನು ತಂದದ್ದು ಒಂಬತ್ತನೇ ದಿನ. ಅವಳನ್ನು ಮೊದಲನೇ ದಿನವೇ ಕಳಿಸಿದ್ದೆ. ನಾನು ಕಲಿಸಿದ್ದನ್ನು ಹನ್ನೆರಡು ವರ್ಷ ಒಂದು ಗೀರೂ ತಪ್ಪದೆ ಮಾಡಿಕೊಂಡು ಬಂದಿದ್ದಳು. ಕಲಿಸದಿದ್ದದ್ದನ್ನು ಎಲ್ಲಿಂದ ಮಾಡಿಯಾಳು?

ಗಡಿಯಾರ ನೋಡಿಕೊಂಡೆ. ಮಧ್ಯಾಹ್ನ ಒಂದು. ಹನ್ನೊಂದಕ್ಕೇ ಲಾಂಡ್ರಿ ಬಂಡಿ ಇಳಿದಿರುತ್ತದೆ. ನನ್ನ ಕಾಗದ ಈಗ ಬಿಸಿನೀರು, ಸೋಪಿನ ನಡುವೆ ಕರಗಿ ಬಿಳಿ ಗವಸಿಗೆ ಚೂರುಚೂರಾಗಿ ಅಂಟಿಕೊಂಡಿರುತ್ತದೆ. ಯಾರೋ ಬೈದುಕೊಂಡು ಕೊಡವುತ್ತಾರೆ.

ಫಾರಂ ಕಾಯುತ್ತಿತ್ತು. ಗುಂಡಿಯನ್ನು ವಾಪಸು ಕೊಡಲು ನನ್ನ ಹತ್ತಿರ ಇಲ್ಲ. ಅದರ ಮುಂದೆ ಎರಡೇ ಮನೆ: 'ಪರೀಕ್ಷಕರ ಕೈತಪ್ಪು', 'ಸಿಬ್ಬಂದಿಗೆ ಸಿಗಲಿಲ್ಲ'. ಮೊದಲನೆಯದು ಒತ್ತಿದರೆ ನನ್ನ ಮೂರನೆಯ ತಪ್ಪು. ಎರಡನೆಯದು ಒತ್ತಿದರೆ ಕೆಳಗೆ ಇನ್ನೊಂದು ಮನೆ ತೆರೆಯುತ್ತದೆ, ಸಿಬ್ಬಂದಿಯ ಹೆಸರು ಅಂತ. ಇಂಥ ಕಡೆ ಕೋಣೆ ಶುಚಿ ಮಾಡುವವರೆಲ್ಲ ಗುತ್ತಿಗೆಯವರು, ಅವರ ಹೆಸರು ಅಲ್ಲಿ ಬಿದ್ದರೆ ಮುಂದಿನ ತಿಂಗಳು ಅವರ ಸಮವಸ್ತ್ರ ಬೇರೆಯವರ ಮೈಮೇಲಿರುತ್ತದೆ. ಯಾರೂ ಹಾಗಂತ ಬರೆದಿಲ್ಲ, ಆದರೆ ನಾನು ಒಂದೇ ಹೋಟೆಲಿಗೆ ಎರಡು ಸಲ ಹೋದವನು, ನೋಡಿದ್ದೇನೆ. ಏನೂ ಕಮ್ಮಿ ಇಲ್ಲ ಅಂತ ಅವಳ ಎದುರು ಹೇಳಿದ್ದು ನಾನೇ.

ಗಗನಸಖಿ ನೀರು ಬೇಕಾ ಅಂತ ಕೇಳಿದಳು. ಬೇಡ ಅಂದೆ. ಯೋಚನೆ ಮಾಡಿದೆ. ಈ ಸಲವೂ ಐದು ನಿಮಿಷ ಹಿಡಿಯಲಿಲ್ಲ.

'ಸಿಬ್ಬಂದಿಗೆ ಸಿಗಲಿಲ್ಲ' ಒತ್ತಿದೆ. ತೆರೆದುಕೊಂಡ ಮನೆಯಲ್ಲಿ ಹೆಸರು ಬರೆದೆ. ಗುಬ್ಬಿ ಅಂತಲ್ಲ, ಬಿಲ್ಲೆಯ ಮೇಲಿದ್ದ ಪೂರ್ತಿ ಹೆಸರು.

ವಿಮಾನ ನೆಲ ಮುಟ್ಟಿತು. ಜನ ಎದ್ದು ಚೀಲಗಳಿಗೆ ಕೈಹಾಕುವಾಗ ನನ್ನ ಫೋನು ಒಮ್ಮೆ ಸದ್ದು ಮಾಡಿ, ವರದಿ ತಲುಪಿತು ಅಂತ ತೋರಿಸಿತು. ಆಗಲೂ ಹೋಟೆಲಿಗೆ ಫೋನ್ ಮಾಡಿ ಅವಳನ್ನು ಕರೆಸಿ ಆ ಒಂದು ಮಾತು ಹೇಳಬಹುದಿತ್ತು. ಮಾಡಲಿಲ್ಲ. ಇವತ್ತಿಗೂ ಮಾಡಿಲ್ಲ. ಹನ್ನೆರಡು ವರ್ಷದ ಹಿಂದೆ ಸುಳ್ಳು ಬರೆದು ಅವಳ ಕೆಲಸ ಕಳೆದೆ. ಅವಳ ಹೆಸರು ಹಾಕಿ ನಾನು ಬರೆದುಕೊಟ್ಟ ಮೊದಲ ನಿಜ, ಗುಂಡಿ ಅವಳಿಗೆ ಸಿಗಲಿಲ್ಲ ಅನ್ನುವುದು.